ನಿಯಮ ಮಾಡಿದವರೇ ನಿಯಮ ಮುರಿದಾಗ

 

ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಪಂಚಶೀಲ ಹೇಳಿ ಮುಗಿದ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಕೇಳಿದ: "ಸಾರ್, ರೂಲ್ಸ್ ಮಾಡಿದ ಲೀಡರೇ ರೂಲ್ಸ್ ಮುರಿದ್ರೆ ರಾಜೀನಾಮೆ ಕೊಡ್ಬೇಕಾ? ಸಾರಿ ಕೇಳಿದ್ರೆ ಸಾಕಾಗಲ್ವಾ?" ಇದ್ದವರೆಲ್ಲ ತಲೆಗೊಂದು ಉತ್ತರ ಹೇಳಿದರು. ರಾತ್ರಿ ಎಂಟೂವರೆಯಾದರೂ ಚರ್ಚೆ ಮುಗಿಯಲಿಲ್ಲ. ಇವತ್ತಿನ ಚಿಂತನೆಗೆ ಅದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಇದಕ್ಕೆ ಉತ್ತರ ಹೇಳುವಾಗ ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಬಳಗದ ಹಳಬರಿಗೆ ಅದು ಗೊತ್ತು, ಹೊಸಬರಿಗೆ ಗೊತ್ತಿಲ್ಲ.

*ರಾಹುಲನಿಗೆ ಹೇಳಿದ ಪಾಠ*

ರಾಹುಲ ಇನ್ನೂ ಬಾಲಕ. ಬುದ್ಧರು ಅವನಿದ್ದಲ್ಲಿಗೆ ಬರುತ್ತಾರೆ. ಅವನು ಆಸನ ಹಾಕಿ ಕಾಲು ತೊಳೆಯಲು ನೀರು ಕೊಡುತ್ತಾನೆ. ಕಾಲು ತೊಳೆದು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬುದ್ಧರು ಕೇಳುತ್ತಾರೆ: ಇದರಲ್ಲಿ ಉಳಿದ ನೀರು ಎಷ್ಟು ಕಾಣುತ್ತಿದೆಯಾ? ತಿಳಿದೂ ಸುಳ್ಳು ಹೇಳಿ ನಾಚಿಕೊಳ್ಳದವನಲ್ಲಿ ಶ್ರಮಣತನ ಇರುವುದು ಇಷ್ಟೇ ಎನ್ನುತ್ತಾರೆ. ಆಮೇಲೆ ಆ ನೀರನ್ನೂ ಚೆಲ್ಲುತ್ತಾರೆ. ಪಾತ್ರೆಯನ್ನು ಮಗುಚಿ ಹಾಕುತ್ತಾರೆ. ಮತ್ತೆ ನೆಟ್ಟಗಿಟ್ಟು, ಖಾಲಿ ಪಾತ್ರೆ ತೋರಿಸುತ್ತಾರೆ. ನಂತರ ಕನ್ನಡಿಯ ಮಾತು: ಕನ್ನಡಿ ಇರುವುದು ನೋಡಿಕೊಳ್ಳಲು, ಹಾಗೆಯೇ ಒಂದು ಕೆಲಸವನ್ನು ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ಮಾಡಿದ್ದು ತಪ್ಪೆಂದು ಕಂಡರೆ ಗುರುಗಳ ಮುಂದೆ, ತಿಳಿದವರ ಮುಂದೆ ಬಿಚ್ಚಿ ಹೇಳು, ಮುಂದೆ ಸಂಯಮದಿಂದಿರು.

ತಪ್ಪೇ ಮಾಡಬೇಡ ಎಂದಷ್ಟೇ ಹೇಳಿ ಬುದ್ಧರು ಎದ್ದು ಹೋಗಲಿಲ್ಲ. ತಪ್ಪಾದ ಮೇಲೆ ಏನು ಮಾಡಬೇಕು ಎಂಬುದನ್ನೂ ಹೇಳಿಕೊಟ್ಟರು.

ಭಾಬ್ರು ಶಾಸನದಲ್ಲಿ ಅಶೋಕ ಚಕ್ರವರ್ತಿ ಭಿಕ್ಷುಗಳೂ ಭಿಕ್ಷುಣಿಯರೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಕೆಲವು ಧಮ್ಮಪಾಠಗಳ ಹೆಸರು ಹೇಳುತ್ತಾನೆ. ಅವುಗಳಲ್ಲಿ ಒಂದು, ಸುಳ್ಳಿನ ವಿಷಯವಾಗಿ ರಾಹುಲನಿಗೆ ಮಾಡಿದ ಬೋಧೆ. ದೇಶ ಆಳುವವನೇ ಈ ಪಾಠವನ್ನು ಆರಿಸಿ ಕಲ್ಲಿನಲ್ಲಿ ಕೆತ್ತಿಸಿದ.

*ಲಂಡನ್ನಿನಲ್ಲಿ ನಡೆದದ್ದು*

ಬಾಬಾಸಾಹೇಬರು ಓದಿದ ಊರು ಲಂಡನ್. ನಮ್ಮ ಸಂಸದೀಯ ಪದ್ಧತಿಗೆ ಮಾದರಿಯಾದದ್ದೂ ಅಲ್ಲಿನ ಪಾರ್ಲಿಮೆಂಟು. ಹಾಗಾಗಿ ಅಲ್ಲಿನ ಒಂದು ಉದಾಹರಣೆ.

2020ರ ಮಾರ್ಚಿನಲ್ಲಿ ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದು ಲಾಕ್‌ಡೌನ್ ಘೋಷಿಸಿದರು. ಜನ ಪಾಲಿಸಿದರು. ಆಸ್ಪತ್ರೆಯಲ್ಲಿ ಸಾಯುತ್ತಿದ್ದ ತಾಯಿಯ ಕೈ ಹಿಡಿಯಲಾಗದೆ ಫೋನಿನಲ್ಲೇ ವಿದಾಯ ಹೇಳಿದವರಿದ್ದರು. 2021ರ ಏಪ್ರಿಲ್ 17ರಂದು ರಾಣಿ ಎಲಿಜಬೆತ್ ತಮ್ಮ ಪತಿಯ ಅಂತ್ಯಕ್ರಿಯೆಯಲ್ಲಿ ಒಬ್ಬರೇ ಕುಳಿತಿದ್ದರು. ಮೂವತ್ತು ಜನರಿಗಷ್ಟೇ ಅವಕಾಶವಿತ್ತು. ಅದರ ಹಿಂದಿನ ರಾತ್ರಿ ಪ್ರಧಾನಿ ಕಚೇರಿಯ ನೌಕರರು ಎರಡು ಬೀಳ್ಕೊಡುಗೆ ಕೂಟ ನಡೆಸಿದ್ದರು. ಜಾನ್ಸನ್ ಆ ಎರಡರಲ್ಲಿ ಇರಲಿಲ್ಲ. ಆದರೆ 2020ರ ಜೂನ್ 19ರಂದು, ಅವರ ಹುಟ್ಟುಹಬ್ಬದ ದಿನ, ಕ್ಯಾಬಿನೆಟ್ ಕೋಣೆಯಲ್ಲಿ ಜನ ಸೇರಿದಾಗ ಅವರಿದ್ದರು. ಅದಕ್ಕಾಗಿ 2022ರ ಏಪ್ರಿಲ್‌ನಲ್ಲಿ ಪೊಲೀಸರು ಅವರಿಗೂ, ಹಣಕಾಸು ಸಚಿವರಾಗಿದ್ದ ರಿಷಿ ಸುನಕ್ ಅವರಿಗೂ ದಂಡ ಹಾಕಿದರು. ಸರ್ಕಾರಿ ಕಚೇರಿಗಳ ಆ ಕೂಟಗಳಿಗಾಗಿ ಒಟ್ಟು 83 ಜನರಿಗೆ 126 ದಂಡದ ನೋಟಿಸುಗಳು ಹೋದವು.

ದಂಡದ ಮೊತ್ತ ಸಣ್ಣದು. ದೊಡ್ಡದಾದದ್ದು ಮಾತು. 2021ರ ಡಿಸೆಂಬರಿನಲ್ಲಿ ಸದನದಲ್ಲಿ ಕೇಳಿದಾಗ, ಎಲ್ಲ ಮಾರ್ಗಸೂಚಿಯನ್ನೂ ಪಾಲಿಸಲಾಗಿದೆ ಎಂದರು. ಪಾರ್ಟಿ ನಡೆದಿಲ್ಲ, ನಿಯಮ ಮುರಿದಿಲ್ಲ ಎಂದು ತಮಗೆ ಭರವಸೆ ಕೊಡಲಾಗಿದೆ ಎಂದರು. ಅಲ್ಲಿ ಮಂತ್ರಿಗಳಿಗೊಂದು ನೀತಿ ಸಂಹಿತೆ ಇದೆ: ಗೊತ್ತಿದ್ದೂ ಸದನದ ದಾರಿ ತಪ್ಪಿಸಿದವರು ರಾಜೀನಾಮೆ ಕೊಡಬೇಕು. ಆ ಸಂಹಿತೆಯನ್ನು ಹೊರಡಿಸುವವರೂ, ಯಾರು ಮುರಿದರು ಎಂದು ತೀರ್ಮಾನಿಸುವವರೂ ಪ್ರಧಾನಿಯೇ. ಅಂದರೆ ಕಳ್ಳನೋ ಅಲ್ಲವೋ ಎಂದು ಹೇಳುವ ಅಧಿಕಾರ ಆರೋಪ ಹೊತ್ತವರ ಕೈಯಲ್ಲೇ ಇತ್ತು.

2022ರ ಜೂನ್ 6ರಂದು ಅವರ ಪಕ್ಷದ ಸಂಸದರೇ ವಿಶ್ವಾಸ ಮತ ಹಾಕಿದರು: ಪರ 211, ವಿರುದ್ಧ 148. ಅವರು ಉಳಿದುಕೊಂಡರು. ಒಂದೇ ತಿಂಗಳಲ್ಲಿ ಇನ್ನೊಂದು ಪ್ರಕರಣ. ಸಹೋದ್ಯೋಗಿಯೊಬ್ಬರ ದುರ್ನಡತೆ ಅವರಿಗೆ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆಗೆ ಪ್ರಧಾನಿ ಕಚೇರಿ ದಿನಕ್ಕೊಂದು ಉತ್ತರ ಕೊಟ್ಟಿತು. ಮಂತ್ರಿಗಳು ಸಾಲುಸಾಲಾಗಿ ಬಿಟ್ಟು ಹೋದರು. ಜುಲೈ 7ರಂದು ಅವರು ರಾಜೀನಾಮೆ ಘೋಷಿಸಬೇಕಾಯಿತು. 2023ರ ಜೂನ್‌ನಲ್ಲಿ ಸದನದ ಸಮಿತಿ, ಅವರು ಉದ್ದೇಶಪೂರ್ವಕವಾಗಿ ಸದನದ ದಾರಿ ತಪ್ಪಿಸಿದ್ದರು ಎಂದು ವರದಿ ಕೊಟ್ಟಿತು. ಆ ಸಮಿತಿಯಲ್ಲಿ ಹೆಚ್ಚಿನವರು ಅವರದೇ ಪಕ್ಷದವರು.

ಅದೇ ಕಾಲದ ಇನ್ನೆರಡು ಉದಾಹರಣೆ ನೋಡಿ. ಸ್ಕಾಟ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ಯಾಥರಿನ್ ಕಾಲ್ಡರ್‌ವುಡ್ ಮನೆಯಲ್ಲೇ ಇರಿ ಎಂದು ಜನರಿಗೆ ಹೇಳುತ್ತಿದ್ದವರು. ತಾವು ಮಾತ್ರ ಎರಡು ವಾರಾಂತ್ಯ ತಮ್ಮ ಇನ್ನೊಂದು ಮನೆಗೆ ಹೋಗಿದ್ದರು. ವಿಷಯ ಹೊರಬಂದಾಗ ಮೊದಲು ಕ್ಷಮೆ ಕೇಳಿ ಉಳಿಯಲು ನೋಡಿದರು. ಅದೇ ರಾತ್ರಿ, 2020ರ ಏಪ್ರಿಲ್ 5ರಂದು, ಹುದ್ದೆ ಬಿಟ್ಟರು. ನಾರ್ವೆಯ ಪ್ರಧಾನಿ ಎರ್ನಾ ಸೋಲ್ಬರ್ಗ್ ತಮ್ಮ 60ನೇ ಹುಟ್ಟುಹಬ್ಬದ ಕುಟುಂಬ ಕೂಟದಲ್ಲಿ ಮಿತಿಗಿಂತ ಹೆಚ್ಚು ಜನ ಸೇರಿದ್ದಕ್ಕೆ 2021ರಲ್ಲಿ 20,000 ಕ್ರೋನರ್ ದಂಡ ಕಟ್ಟಿದರು. ತಪ್ಪು ಒಪ್ಪಿಕೊಂಡು ದೇಶದ ಕ್ಷಮೆ ಕೇಳಿದರು. ರಾಜೀನಾಮೆ ಕೊಡಲಿಲ್ಲ. ಕೆಲವೇ ತಿಂಗಳಲ್ಲಿ ಚುನಾವಣೆಯಲ್ಲಿ ಜನರ ಮುಂದೆ ಹೋದರು.

ನಿಯಮ ಮುರಿದವರು ಮೂವರೂ. ಮೂವರಿಗೂ ಒಂದೇ ತೀರ್ಪೇ? ಇಲ್ಲಿ ವಿನಯ ನಮಗೆ ನೆರವಾಗುತ್ತದೆ.

*ಸಂಘದ ಅಳತೆ*

ವಿನಯದಲ್ಲಿ ಎಲ್ಲ ತಪ್ಪಿಗೂ ಒಂದೇ ಶಿಕ್ಷೆ ಇಲ್ಲ. ಪಾರಾಜಿಕ ಎಂಬ ನಾಲ್ಕು ತಪ್ಪುಗಳಾದರೆ ಭಿಕ್ಷು ಭಿಕ್ಷುವಾಗಿ ಉಳಿಯುವುದಿಲ್ಲ. ಸಣ್ಣ ತಪ್ಪುಗಳನ್ನು ಇನ್ನೊಬ್ಬ ಭಿಕ್ಷುವಿನ ಮುಂದೆ ಹೇಳಿಕೊಂಡರೆ ಸಾಕು. ನಡುವಿನ ಸಂಘಾದಿಸೇಸ ಎಂಬ ತಪ್ಪುಗಳಿಗೆ ಸಂಘವೇ ಕೂತು ತೀರ್ಮಾನ ಮಾಡಬೇಕು. ಅಲ್ಲಿ ಒಂದು ಸೂಕ್ಷ್ಮ ಇದೆ. ಆ ದಿನವೇ ಹೇಳಿಕೊಂಡವನಿಗೆ ಆರು ರಾತ್ರಿಗಳ ಪ್ರಾಯಶ್ಚಿತ್ತ. ಮುಚ್ಚಿಟ್ಟವನಿಗೆ ಅದಕ್ಕೂ ಮೊದಲು ಪರಿವಾಸ: ಎಷ್ಟು ದಿನ ಮುಚ್ಚಿಟ್ಟನೋ ಅಷ್ಟು ದಿನ. ಆ ದಿನಗಳಲ್ಲಿ ಅವನು ಹಿರಿತನದ ಮರ್ಯಾದೆ ಪಡೆಯುವಂತಿಲ್ಲ, ಉಪಸಂಪದೆ ಕೊಡುವಂತಿಲ್ಲ. ಎಲ್ಲ ಮುಗಿದ ಮೇಲೆ ಇಪ್ಪತ್ತು ಭಿಕ್ಷುಗಳ ಸಂಘ ಅವನನ್ನು ಮತ್ತೆ ಒಳಕ್ಕೆ ಕರೆದುಕೊಳ್ಳುತ್ತದೆ.

ತಪ್ಪಿಗೆ ಒಂದು ಲೆಕ್ಕ, ಮುಚ್ಚಿಟ್ಟದ್ದಕ್ಕೆ ಬೇರೆ ಲೆಕ್ಕ. ಈ ಅಳತೆಯಲ್ಲಿ ನೋಡಿದರೆ ಹುಡುಗನ ಪ್ರಶ್ನೆಗೆ ನನಗೆ ತೋಚುವ ಉತ್ತರ ಹೀಗಿದೆ. ತಪ್ಪು ಸಣ್ಣದಾಗಿ, ನಾಯಕ ಒಪ್ಪಿಕೊಂಡು, ದಂಡ ಕಟ್ಟಿ, ಜನರ ತೀರ್ಪಿಗೆ ತಲೆಬಾಗಿದರೆ ಕ್ಷಮೆ ಸಾಕಾಗಬಹುದು. ಆ ನಿಯಮವನ್ನು ಜನರಿಗೆ ಹೇಳುವುದೇ ಅವರ ಕೆಲಸವಾಗಿದ್ದರೆ, ಮುರಿದ ಮೇಲೆ ಆ ಮಾತಿಗೆ ಬಲವಿಲ್ಲ. ಆ ಜಾಗ ಬಿಡುವುದೇ ಸರಿ. ಕೇಳಬೇಕಾದವರು ಕೇಳಿದಾಗ ಮುಚ್ಚಿಟ್ಟರೆ, ತಪ್ಪು ಎಷ್ಟೇ ಸಣ್ಣದಿರಲಿ, ಅಧಿಕಾರದಿಂದ ಇಳಿಯಲೇಬೇಕು. ಪ್ರಶ್ನೆಗೆ ಸತ್ಯ ಹೇಳದವರನ್ನು ಯಾವ ಸದನವೂ ಸರಿದಾರಿಯಲ್ಲಿ ಇಟ್ಟುಕೊಳ್ಳಲಾರದು.

*ನನ್ನ ತಪ್ಪು*

ಈಗ ನನ್ನ ವಿಷಯ. 2019ರಲ್ಲಿ ನಮ್ಮ ಬಳಗದ ಅಕ್ಕ ಒಬ್ಬರು ಗಂಡನನ್ನು ಕಳೆದುಕೊಂಡರು. ಅವರ ಮನೆಗೆ ಹೋಗಿ, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂದು 22 ಪ್ರತಿಜ್ಞೆಯಲ್ಲಿ ಹೇಳಿದ್ದೇವೆ, ತಿಥಿ ಬೇಡ ಎಂದು ನಾನೇ ತಿಳಿಸಿ ಹೇಳಿದೆ. ಅಕ್ಕ ಒಪ್ಪಿದರು. ಬುದ್ಧ ವಂದನೆ ಮಾಡಿ ಮುಗಿಸಿದರು. ಗಂಡನ ಮನೆಯವರು ಎರಡು ವರ್ಷ ಅವರ ಹೊಸ್ತಿಲು ತುಳಿಯಲಿಲ್ಲ.

2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ನಮ್ಮವ್ವ ತೀರಿಕೊಂಡರು. ಮುಖ ಕೂಡ ಸರಿಯಾಗಿ ನೋಡಲಾಗಲಿಲ್ಲ. ಹನ್ನೊಂದನೇ ದಿನ ಊರಲ್ಲಿ ಸೋದರಮಾವ ಎಡೆಗೆ ಎಲ್ಲ ಸಿದ್ಧ ಮಾಡಿಕೊಂಡು ಕೂತಿದ್ದರು. ಬೇಡ ಮಾವ ಎಂದೆ. "ಬದುಕಿರೋ ತನಕ ನಮ್ಮಕ್ಕ ನಿನ್ ಮಾತು ಕೇಳಿದ್ಲು. ಈಗ ಒಂದು ಎಡೆ ಇಡೋಕೂ ನಿನ್ ಅಪ್ಪಣೆ ಬೇಕೇನೋ?" ಎಂದು ಅತ್ತರು. ಮಗನೇ ಇಡಬೇಕು ಎಂದರು. ಇಟ್ಟೆ.

ಒಂದು ತಿಂಗಳ ಮೇಲೆ ಅಕ್ಕ ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಅವ್ವನ ತಿಥಿ ಮಾಡಿದ್ರಂತೆ, ಹೌದಾ?" "ಮಾವ ಹಟ ಮಾಡಿದ್ರಕ್ಕ" ಎಂದು ಮಾತು ತೇಲಿಸಿದೆ. ಮಾವ ಹಟ ಮಾಡಿದ್ದು ನಿಜ. ಇಟ್ಟದ್ದು ನನ್ನ ಕೈ. ಅದನ್ನು ಹೇಳಲಿಲ್ಲ. ಪ್ರತಿ ಭಾನುವಾರ ನಾಲ್ಕನೇ ಶೀಲವನ್ನು ಮಾತ್ರ ಎಲ್ಲರಿಗೂ ಹೇಳಿಕೊಡುತ್ತಿದ್ದೆ.

ಡಿಸೆಂಬರಿನಲ್ಲಿ ಬ್ರಿಟನ್ನಿನ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಎಂಥ ನಾಚಿಕೆಗೆಟ್ಟ ಮನುಷ್ಯ ಎಂದು ಬಾಯಿಗೆ ಬಂತು. ಅಷ್ಟರಲ್ಲಿ ಅಕ್ಕನ ಪ್ರಶ್ನೆ ನೆನಪಾಗಿ ಟಿವಿ ಆರಿಸಿದೆ. ಆ ಜನವರಿಯಲ್ಲಿ ಬಳಗದ ಮುಂದೆ ಎಲ್ಲವನ್ನೂ ಹೇಳಿದೆ. ಎಲ್ಲರೂ ಸುಮ್ಮನಿದ್ದರು. ಅಕ್ಕ ಅಂದರು: "ಎಡೆ ಇಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ ಮೇಷ್ಟ್ರೇ. ಹೆತ್ತವ್ಳನ್ನ ಕಳ್ಕೊಂಡ ಸಂಕಟ ಯಾರ್ಗಿಲ್ಲ? ಆದ್ರೆ ನಿಮ್ ಮಾತು ಕೇಳಿ ನಾನು ಗಂಡನ ಮನೆಯೋರ್ನ ಎದುರು ಹಾಕ್ಕೊಂಡೆ. ನಾನು ಕೇಳಿದ ದಿನ ನೀವು ಹೇಳ್ಬೇಕಿತ್ತು."

ಸಂಚಾಲಕನ ಕೆಲಸ ಬಿಡುತ್ತೇನೆ ಎಂದೆ. ನಮ್ಮದು ಗೃಹಸ್ಥರ ಸಣ್ಣ ಬಳಗ, ವಿನಯದ ಅಧಿಕಾರ ನಮಗಿಲ್ಲ. ಆದರೂ ಪರಿವಾಸವನ್ನು ನೆನೆದು ಹಿರಿಯರು ತೀರ್ಮಾನಿಸಿದರು: ಎಂಟು ತಿಂಗಳು ಮುಚ್ಚಿಟ್ಟಿದ್ದೀರಿ, ಎಂಟು ತಿಂಗಳು ಪಾಠ ಬೇಡ. ಆ ಎಂಟು ತಿಂಗಳು ಜಮಖಾನ ಹಾಸಿ, ಕೊನೆಯ ಸಾಲಿನಲ್ಲಿ ಕೂತು, ಎಲ್ಲರ ಲೋಟ ತೊಳೆದೆ. ಅಕ್ಕ ಪಂಚಶೀಲ ಹೇಳಿಕೊಟ್ಟರು. ಅವಧಿ ಮುಗಿದ ಮೇಲೆ ಬಳಗವೇ ನನ್ನನ್ನು ಮುಂದಕ್ಕೆ ಕರೆಯಿತು. ಇದನ್ನು ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ.

*ಒಂದು ಆಕ್ಷೇಪಣೆ*

ಭಾನುವಾರ ಹಿರಿಯರೊಬ್ಬರು ಹೇಳಿದ ಮಾತನ್ನು ಬಿಡುವಂತಿಲ್ಲ: "ನಮ್ಮೋರು ಎಡವಿದ್ರೆ ನಾಳೆನೇ ರಾಜೀನಾಮೆ ಕೊಡು ಅಂತಾರೆ. ಅವರೋರು ಏನ್ ಮಾಡಿದ್ರೂ ನಡೀತದೆ. ನಾವ್ಯಾಕೆ ಮೊದ್ಲು ಕುರ್ಚಿ ಬಿಡ್ಬೇಕು?" ಈ ನೋವು ಸುಳ್ಳಲ್ಲ. ನಮ್ಮವರನ್ನು ಅಳೆಯುವ ಕೋಲು ಬೇರೆಯೇ ಇದೆ. ಅದನ್ನು ಪ್ರಶ್ನಿಸಲೇಬೇಕು. ಆದರೆ ಒಂದೇ ಕೋಲು ಎಲ್ಲರಿಗೂ ಇರಲಿ ಎಂದು ಕೇಳುವವರು ನಮ್ಮ ಮನೆಯಲ್ಲಿ ಎರಡು ಕೋಲು ಇಟ್ಟುಕೊಳ್ಳಲಾಗದು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಓದಿದ್ದೇವಲ್ಲ, ಕ್ಷೌರಿಕ ಉಪಾಲಿಯ ಕತೆ. ಶಾಕ್ಯ ರಾಜಕುಮಾರರು ತಮ್ಮ ಸೊಕ್ಕು ಇಳಿಯಲಿ ಎಂದು ಅವನಿಗೆ ಮೊದಲು ದೀಕ್ಷೆ ಕೊಡಿಸಿ, ಅವನಿಗೆ ನಮಿಸಿದರು. ಅದೇ ಉಪಾಲಿ ಮುಂದೆ ವಿನಯದಲ್ಲಿ ಅಗ್ರಗಣ್ಯನಾದ. ರಾಜಕುಮಾರನ ತಪ್ಪನ್ನೂ ಕ್ಷೌರಿಕನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಪರಂಪರೆ ನಮ್ಮದು.

*ಬಾಬಾಸಾಹೇಬರ ದಾರಿ*

1951ರ ಸೆಪ್ಟೆಂಬರ್‌ನಲ್ಲಿ ಬಾಬಾಸಾಹೇಬರು ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಹಿಂದೂ ಕೋಡ್ ಬಿಲ್ಲನ್ನು ಸರ್ಕಾರ ಕೈಬಿಟ್ಟದ್ದು ಒಂದು ಮುಖ್ಯ ಕಾರಣ. ಹೆಣ್ಣುಮಕ್ಕಳಿಗೆ ಕೊಟ್ಟ ಮಾತು ಉಳಿಯದ ಕಡೆ ಕುರ್ಚಿ ಉಳಿಸಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ಅದಕ್ಕೂ ಮೊದಲು, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂದು ಎಚ್ಚರಿಸಿದ್ದರು. ನಾಯಕ ಇಳಿಯುವುದು ಎಷ್ಟೋ ಸಲ ನಮ್ಮ ಕೈಯಲ್ಲಿರುವುದಿಲ್ಲ. ಅವನು ತಪ್ಪಿದಾಗ ಸಮರ್ಥನೆಗೆ ನಿಲ್ಲದಿರುವುದು ನಮ್ಮ ಕೈಯಲ್ಲಿದೆ.

ವರ್ಷಾವಾಸ ಮುಗಿದ ಪವಾರಣೆಯ ದಿನ ಭಿಕ್ಷುಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ: ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪಿದ್ದರೆ ಹೇಳಿ. ಒಮ್ಮೆ ಬುದ್ಧರೇ ಭಿಕ್ಷುಗಳ ನಡುವೆ ಕೂತು, ನನ್ನ ನಡೆಯಲ್ಲಿ, ನುಡಿಯಲ್ಲಿ ಏನಾದರೂ ದೋಷ ಕಂಡಿರಾ ಎಂದು ಕೇಳಿದರು. ಬುದ್ಧರೇ ಕೇಳಿದ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಯಾವ ಮಂತ್ರಿಗೂ, ಯಾವ ಮೇಷ್ಟ್ರಿಗೂ ಅವಮಾನವಾಗಬೇಕಿಲ್ಲ.

*ಇಂದಿನ ಅಭ್ಯಾಸ*

1. ನಾನು ಬೇರೆಯವರಿಗೆ ಹೇಳಿ, ನಾನೇ ಪಾಲಿಸದ ನಿಯಮ ಯಾವುದು?
2. ಅದನ್ನು ಯಾರಿಂದ ಮುಚ್ಚಿಟ್ಟಿದ್ದೇನೆ? ಎಷ್ಟು ದಿನದಿಂದ?
3. ನಾನು ಮೆಚ್ಚುವ ನಾಯಕರ ಯಾವ ತಪ್ಪನ್ನು ಬೇರೆ ಪಕ್ಷದವರು ಮಾಡಿದ್ದರೆ ಬೈಯುತ್ತಿದ್ದೆ?

ಉತ್ತರವನ್ನು ಗ್ರೂಪಿಗೆ ಹಾಕಬೇಕಿಲ್ಲ. ಯಾರಿಗೆ ಹೇಳಬೇಕೋ ಅವರಿಗೆ ಹೇಳಿದರೆ ಸಾಕು. ಈ ಭಾನುವಾರ ಸಂಜೆ ಆರಕ್ಕೆ ಸೇರೋಣ. ಪ್ರಶ್ನೆ ಕೇಳಿದ ಹುಡುಗನೇ ರಾಹುಲನ ಪಾಠ ಓದುತ್ತಾನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.