ಒಂದು ಕವಿತೆ ಹಾಕುವ ಮೊದಲು ಎರಡು ಓದಿ
ದೆಹಲಿ ಸುತ್ತಮುತ್ತಲ ಹವ್ಯಾಸಿ ಕವಿಗಳು ಫೋನಿನಲ್ಲೇ ಕವಿಕೂಟ ಕಟ್ಟಿಕೊಳ್ಳುವುದು ಹೇಗೆ? ಹಂತ ಹಂತವಾಗಿ

ದೆಹಲಿಯಲ್ಲಿ ಕನ್ನಡ ಕವಿತೆ ಬರೆಯುವವರಿಗೆ ಬರವಿಲ್ಲ, ಬರ ಇರುವುದು ಓದುವವರಿಗೆ. ದ್ವಾರಕಾದಲ್ಲಿ ಒಬ್ಬ ಬ್ಯಾಂಕ್ ನೌಕರರು ಬರೆಯುತ್ತಾರೆ, ನೋಯ್ಡಾದಲ್ಲಿ ಒಬ್ಬ ಐಟಿ ಉದ್ಯೋಗಿ, ಇಂದಿರಾಪುರಂನಲ್ಲಿ ಮಗನ ಮನೆಗೆ ಬಂದು ಉಳಿದ ನಿವೃತ್ತ ಮೇಷ್ಟ್ರು. ಇವರೆಲ್ಲ ಒಂದೆಡೆ ಸೇರಬೇಕಾದರೆ ರಾಜ್ಯೋತ್ಸವದ ಕವಿಗೋಷ್ಠಿಯೇ ಬರಬೇಕು. ಅಲ್ಲಿ ಸಿಗುವುದು ಮೂರು ನಿಮಿಷ, ಒಂದು ಹೂಗುಚ್ಛ, ಒಂದು ಗ್ರೂಪ್ ಫೋಟೊ. ಕವಿತೆ ಹೇಗಿತ್ತು ಎಂದು ಯಾರೂ ಹೇಳುವುದಿಲ್ಲ.

ಉಳಿದ ದಿನಗಳಿಗೆ ವಾಟ್ಸಾಪ್ ಇದೆ. ಅಲ್ಲಿಯೂ ಕಥೆ ಬೇರೆಯಲ್ಲ. ಕವಿತೆ ಬೀಳುತ್ತದೆ, ಹಿಂದೆಯೇ ಹತ್ತು ಚಪ್ಪಾಳೆ, ನಾಲ್ಕು ಗುಲಾಬಿ, ಎರಡು ‘ಸೂಪರ್ ಸರ್’. ಅಷ್ಟರಲ್ಲಿ ಯಾರದೋ ಶುಭೋದಯದ ಚಿತ್ರ ಬಂದು ಕವಿತೆ ಮೇಲಕ್ಕೆ ಸರಿದುಹೋಗುತ್ತದೆ. ಹಾಕುವುದಕ್ಕೆ ಎಲ್ಲರಿಗೂ ಆತುರ, ಓದುವ ಕರಾರು ಯಾರ ಮೇಲೂ ಇಲ್ಲ. ಕೂಟದ ಮೂಲ ಕೆಲಸ ಪ್ರತಿಕ್ರಿಯೆ ಎಂದು ಮೊದಲೇ ಒಪ್ಪಿಕೊಂಡರೆ ಅದೇ ಫೋನು ಒಳ್ಳೆಯ ಪಾಠಶಾಲೆಯಾಗುತ್ತದೆ.

ದೂರದಲ್ಲಿದ್ದುಕೊಂಡು ಕವಿತೆ ತಿದ್ದುವುದು ಈ ಊರಿಗೆ ಹೊಸದೂ ಅಲ್ಲ. ಬಲ್ಲಿಮಾರಾನ್‌ನ ಗಲ್ಲಿಯಲ್ಲಿದ್ದ ಮಿರ್ಜಾ ಗಾಲಿಬ್ ತಮ್ಮ ಶಿಷ್ಯರ ಪದ್ಯಗಳನ್ನು ಅಂಚೆಯಲ್ಲೇ ತಿದ್ದಿ ಕಳಿಸುತ್ತಿದ್ದರು. ಅವರಲ್ಲೊಬ್ಬರಾದ ಹರಗೋಪಾಲ್ ತಫ್ತಾ ಅವರ ಊರು ಸಿಕಂದರಾಬಾದ್, ಇವತ್ತಿನ ಲೆಕ್ಕದಲ್ಲಿ ಎನ್‌ಸಿಆರ್‌ಗೇ ಸೇರಿದ ಬುಲಂದ್‌ಶಹರ್ ಜಿಲ್ಲೆಯದು. ರಾಂಪುರದ ನವಾಬರೂ ಗಾಲಿಬರ ಶಿಷ್ಯರೇ. 1859ರಿಂದ ತಿಂಗಳಿಗೆ 100 ರೂಪಾಯಿ ಕಳಿಸುತ್ತಿದ್ದರು. ನಮ್ಮ ಕೂಟಕ್ಕೆ ಡೇಟಾ ಪ್ಯಾಕ್ ಸಾಕು.

ಹಂತ 1: ಎಂಟು ಜನರನ್ನು ಹುಡುಕಿ

ಆರರಿಂದ ಹತ್ತು ಜನ ಸಾಕು. ನಲವತ್ತಾದರೆ ಅದು ಸಭೆ, ಸಭೆಯಲ್ಲಿ ಚಪ್ಪಾಳೆ ಮಾತ್ರ ಬೀಳುತ್ತದೆ. ಹುಡುಕಲು ಒಳ್ಳೆಯ ಜಾಗ ಆರ್.ಕೆ. ಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘ. ಅದು 1948ರಲ್ಲಿ ಹುಟ್ಟಿದ್ದು. ಅಲ್ಲಿಯ ಕಾರ್ಯಕ್ರಮದಲ್ಲಿ ಕವಿತೆ ಓದಿದವರನ್ನಷ್ಟೇ ಅಲ್ಲ, ಗಮನವಿಟ್ಟು ಕೇಳುತ್ತಿದ್ದವರನ್ನೂ ಮಾತಾಡಿಸಿ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಲ್ಲಿ ಓದಿದವರು ಸಿಕ್ಕರೆ ಬಿಡಬೇಡಿ. ಇಲ್ಲೇ ಬೆಳೆದವರ ಕನ್ನಡಕ್ಕೆ ಬೇರೆಯದೇ ಲಯವಿರುತ್ತದೆ.

ಮಂಗಳೂರು, ಧಾರವಾಡ, ಕಲಬುರಗಿ, ಮೈಸೂರು ಎಲ್ಲ ಕಡೆಯವರೂ ಇರಲಿ. ಕನ್ನಡ ಮಾತಾಡಬಲ್ಲ, ಆದರೆ ಲಿಪಿ ಓದಲು ತಡವರಿಸುವ ಎರಡನೇ ತಲೆಮಾರಿನವರು ಒಬ್ಬರಾದರೂ ಇದ್ದರೆ ಲಾಭ: ಅವರು ಕವಿತೆಯನ್ನು ಕಿವಿಯಿಂದಲೇ ಅಳೆಯುತ್ತಾರೆ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ. ಗುಂಪಿನಲ್ಲಿ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಕವಿತೆಯ ನೆಪದಲ್ಲಿ ಯಾರಿಗೂ ಖಾಸಗಿ ಮೆಸೇಜ್ ಕಳಿಸಕೂಡದು ಎಂಬುದು ಮೊದಲ ದಿನದ ಮಾತಾಗಲಿ.

ಹಂತ 2: ಅಕ್ಷರ ಎಲ್ಲರಿಗೂ ಕಾಣುವಂತಿರಲಿ

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಕವಿತೆ ಫೋನಿಗೆ ಬಂದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸಿಕೊಂಡು ಕಳಿಸಿ, ಇಲ್ಲವೇ ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೆಯಿರಿ.

ಹೂವಿನ ಚಿತ್ರದ ಮೇಲೆ ಅಚ್ಚು ಹಾಕಿದ ಕವಿತೆ ನೋಡಲು ಚೆಂದ, ಆದರೆ ಓದುಗರು ಅದರಿಂದ ಒಂದು ಸಾಲನ್ನು ಎತ್ತಿ ಮಾತಾಡಲಾರರು. ಅಕ್ಷರರೂಪದಲ್ಲೇ ಹಾಕಿ. ಜೊತೆಗೆ ನಿಮ್ಮದೇ ದನಿಯ ಧ್ವನಿಮುದ್ರಣವೂ ಇರಲಿ. ಎಲ್ಲಿ ನಿಲ್ಲಿಸಿದಿರಿ, ಎಲ್ಲಿ ಎಳೆದಿರಿ ಎಂಬುದು ಗೊತ್ತಾಗುತ್ತದೆ. ಮನೆಯಲ್ಲಿ ಹಿಂದಿ ಓದಿ ಬೆಳೆದವರೂ ಜೊತೆಯಾಗುತ್ತಾರೆ.

ಹಂತ 3: ಲೆಕ್ಕ ಇಟ್ಟುಕೊಳ್ಳಿ

ಒಂದೇ ಮುಖ್ಯ ನಿಯಮ: ನಿಮ್ಮ ಒಂದು ಕವಿತೆ ಹಾಕುವ ಮೊದಲು ಬೇರೆಯವರ ಎರಡು ಕವಿತೆಗಳಿಗೆ ಪ್ರತಿಕ್ರಿಯೆ ಬರೆದಿರಬೇಕು. ‘ಸೂಪರ್’, ‘ಅದ್ಭುತ’, ‘ಮನಮುಟ್ಟಿತು’ ಲೆಕ್ಕಕ್ಕಿಲ್ಲ. ವಾರಕ್ಕೆ ಒಬ್ಬರಿಂದ ಒಂದೇ ಕವಿತೆ. ಫಾರ್ವರ್ಡ್, ಹಬ್ಬದ ಶುಭಾಶಯ, ಚುನಾವಣೆಯ ಚರ್ಚೆ ಬೇರೆ ಗುಂಪಿಗೆ. ನಿರ್ವಾಹಕರನ್ನು ತಿಂಗಳಿಗೊಮ್ಮೆ ಬದಲಿಸಿ. ಇಲ್ಲದಿದ್ದರೆ ಅವರೇ ವಿಮರ್ಶಕರಾಗಿ, ಉಳಿದವರು ಶಿಷ್ಯರಾಗಿ ಕೂರುತ್ತಾರೆ.

ಹಂತ 4: ಪ್ರತಿಕ್ರಿಯೆ ಬರೆಯಲು ಕಲಿಯಿರಿ

ಇದು ಇಡೀ ಕೈಪಿಡಿಯ ಹೃದಯ, ನಿಧಾನವಾಗಿ ನೋಡೋಣ. ಪ್ರತಿಕ್ರಿಯೆಯಲ್ಲಿ ಮೂರು ಸಂಗತಿ ಇದ್ದರೆ ಸಾಕು. ಒಂದು, ಕವಿತೆಯಲ್ಲಿ ನಿಮಗೆ ಕಂಡದ್ದೇನು. ಎರಡು, ಯಾವ ಸಾಲು ಉಳಿಯಿತು, ಯಾಕೆ. ಮೂರು, ಎಲ್ಲಿ ಎಡವಿದಿರಿ. ಉದಾಹರಣೆಗೆಂದೇ ಕಟ್ಟಿದ ಈ ನಾಲ್ಕು ಸಾಲು ತೆಗೆದುಕೊಳ್ಳಿ:

ಬೇಸಿಗೆಯ ಧಗೆಯಲ್ಲಿ ಬಳಲಿಹುದು ಈ ನಗರ
ಊರ ನೆನಪಿನ ನೋವು ಎದೆಯೊಳಗೆ ಸಾಗರ
ಕೂಲರಿನ ಗಾಳಿಯಲಿ ಲಾವಂಚ ವಾಸನೆ
ಮಳೆ ಹೊಯ್ದ ಅಂಗಳಕೆ ಕರೆದೊಯ್ದಿತು ಸುಮ್ಮನೆ

‘ತುಂಬಾ ಚೆನ್ನಾಗಿದೆ ಮೇಡಂ, ಊರು ನೆನಪಾಯಿತು’ ಎಂದರೆ ಬರೆದವರಿಗೆ ಖುಷಿಯಾಗುತ್ತದೆ, ಉಪಯೋಗವಾಗುವುದಿಲ್ಲ. ಉಪಯೋಗಕ್ಕೆ ಬರುವ ಪ್ರತಿಕ್ರಿಯೆ ಹೀಗಿರಬಹುದು:

“ವಾಸನೆಯೊಂದು ಮನುಷ್ಯನನ್ನು ಕ್ಷಣದಲ್ಲಿ ಊರಿಗೆ ಮುಟ್ಟಿಸಿದ್ದು ನನಗೆ ಕಂಡಿತು. ಮೂರನೇ ಸಾಲು ಉಳಿಯಿತು. ಕೂಲರಿನ ಜಾಲರಿಗೆ ಲಾವಂಚ ಕಟ್ಟುವ ಊರಲ್ಲಿ ಬೇಸಿಗೆ ಕಳೆದವರಿಗೆ ಮಾತ್ರ ಬರುವ ಸಾಲದು. ಮೊದಲ ಸಾಲು ರಾಯಚೂರಿಗೂ ಹೊಂದುತ್ತದೆ, ದೆಹಲಿ ಅದರಲ್ಲಿಲ್ಲ. ಎದೆಯೊಳಗಿನ ಸಾಗರವನ್ನು ಬಹಳ ಕವಿತೆಗಳಲ್ಲಿ ಕಂಡಿದ್ದೇನೆ; ಎರಡನೇ ಸಾಲು ಹೇಳಹೊರಟ ನೋವನ್ನು ನಾಲ್ಕನೇ ಸಾಲು ಹೇಳದೆಯೇ ಹೇಳುತ್ತಿದೆ. ಅದನ್ನು ತೆಗೆದು ಓದಿ ನೋಡುತ್ತೀರಾ?”

ಇಲ್ಲಿ ಗಮನಿಸಬೇಕಾದ್ದು ಮೂರು. ಮಾತೆಲ್ಲ ಸಾಲಿನ ಬಗ್ಗೆ, ಬರೆದವರ ಬಗ್ಗೆ ಅಲ್ಲ. ಆಕ್ಷೇಪಕ್ಕೆ ಕಾರಣ ಇದೆ. ಕೊನೆಯದು ಆಜ್ಞೆಯಲ್ಲ, ಪ್ರಶ್ನೆ. ನೀವೇ ಹೊಸ ಸಾಲು ಬರೆದುಕೊಡುವ ಆಸೆಯನ್ನು ತಡೆದುಕೊಳ್ಳಿ. ಬರೆದುಕೊಟ್ಟರೆ ಕವಿತೆ ನಿಮ್ಮದಾಗುತ್ತದೆ, ಅವರು ಕಲಿಯುವುದು ತಪ್ಪುತ್ತದೆ.

ಹಂತ 5: ಕಿವಿಗೆ ಕೇಳಿದ್ದನ್ನು ಬೆರಳಲ್ಲಿ ಎಣಿಸಿ

‘ಲಯ ತಪ್ಪಿದೆ’ ಎಂದು ಹೇಳಿ ಸುಮ್ಮನಾಗಬೇಡಿ, ಎಲ್ಲಿ ಎಂದು ತೋರಿಸಿ. ಎಣಿಕೆ ಸುಲಭ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ, ಅನುಸ್ವಾರವಿದ್ದ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಮೇಲಿನ ಪದ್ಯ ಐದೈದು ಮಾತ್ರೆಯ ಗಣಗಳಲ್ಲಿ ನಡೆಯುತ್ತದೆ: ಬೇಸಿಗೆಯ, ಧಗೆಯಲ್ಲಿ, ಬಳಲಿಹುದು. ಸಾಲಿನ ಕೊನೆಯ ಹ್ರಸ್ವವನ್ನು ಬೇಕಾದಲ್ಲಿ ಎಳೆದು ಎರಡು ಮಾಡಿಕೊಳ್ಳುವ ಸಲಿಗೆ ಇದೆ. ಆದರೆ ನಾಲ್ಕನೇ ಸಾಲಿನ ನಡುವೆ ‘ಕರೆದೊಯ್ದಿತು’ ಆರು ಮಾತ್ರೆಯಾಗಿ ನಾಲಗೆ ತೊಡರುತ್ತದೆ. ‘ಕರೆದೊಯ್ತು’ ಎಂದರೆ ಐದಕ್ಕೆ ಸರಿಹೋಗುತ್ತದೆ.

ಎಲ್ಲ ಕವಿತೆಗೂ ಈ ಎಣಿಕೆ ಬೇಡ. ಗದ್ಯಲಯದಲ್ಲಿ ಬರೆದವರಿಗೆ ಛಂದಸ್ಸಿನ ಪಾಠ ಹೇಳುವುದು ಅವರ ಕವಿತೆಯನ್ನು ಓದದೇ ಇದ್ದಂತೆ. ಕವಿತೆ ತಾನೇ ಹಾಕಿಕೊಂಡ ನಿಯಮವನ್ನು ಮುರಿದಾಗ ಮಾತ್ರ ಕೇಳಿ.

ಹಂತ 6: ತಿಂಗಳಿಗೊಂದು ಸಮಸ್ಯೆ

ಬರೆಯಲು ಏನೂ ತೋಚದ ವಾರಗಳು ಬರುತ್ತವೆ. ಆಗ ಎಲ್ಲರಿಗೂ ಒಂದೇ ವಸ್ತು ಕೊಡಿ. ಅವಧಾನದಲ್ಲಿ ಸಮಸ್ಯಾಪೂರಣ ಇದ್ದಂತೆಯೇ ದೆಹಲಿಯ ಉರ್ದು ಲೋಕದಲ್ಲಿ ತರಹೀ ಮುಶಾಯರಾ ಇತ್ತು. ಒಂದು ಪಂಕ್ತಿ ಕೊಟ್ಟರೆ ಎಲ್ಲ ಕವಿಗಳೂ ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಬರೆದು ತರಬೇಕು. ಕನ್ನಡದಲ್ಲಿ ಅಂತರ್ಜಾಲದ ಮೇಲೆ ಇದನ್ನು ಮಾಡಿ ತೋರಿಸಿದ್ದು ‘ಪದ್ಯಪಾನ’. ಶತಾವಧಾನಿ ಆರ್. ಗಣೇಶ್ ಅವರ ಮಾರ್ಗದರ್ಶನದಲ್ಲಿ ಹವ್ಯಾಸಿಗಳು ಅಲ್ಲಿ ಸಮಸ್ಯೆಗೋ ಚಿತ್ರಕ್ಕೋ ಛಂದೋಬದ್ಧ ಪದ್ಯ ಬರೆದು, ಒಬ್ಬರದನ್ನೊಬ್ಬರು ತಿದ್ದಿಕೊಂಡರು.

ಹೊಸಬರು ನಾಲ್ಕು ಸಾಲಿನ ಚುಟುಕದಿಂದ ಶುರುಮಾಡಲಿ. ದಿನಕರ ದೇಸಾಯಿಯವರು ಆ ಪುಟ್ಟ ಅಳತೆಯಲ್ಲೇ ಊರಿಗೆಲ್ಲ ಮಾತು ಮುಟ್ಟಿಸಿದರು. ವಸ್ತು ಸುತ್ತಲಿನದೇ ಇರಲಿ: ರಾಜೀವ್ ಚೌಕದಲ್ಲಿ ಮೆಟ್ರೋ ಬದಲಿಸುವ ನೂಕುನುಗ್ಗಲು, ನವೆಂಬರಿನ ಹೊಗೆ, ಬಾಡಿಗೆ ಮನೆಯ ಬರ್ಸಾತಿ, ಐಎನ್‌ಎ ಮಾರ್ಕೆಟ್ಟಿನಲ್ಲಿ ಸಿಕ್ಕ ಕರಿಬೇವು. ಒಂದೇ ವಸ್ತುವಿನ ಎಂಟು ಪದ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ, ನಿಮಗೆ ತೋಚದ ದಾರಿ ಇನ್ನೊಬ್ಬರಿಗೆ ಹೇಗೆ ತೋಚಿತು ಎಂಬುದು ಕಾಣುತ್ತದೆ.

ಹಂತ 7: ನಿಮ್ಮ ಕವಿತೆಗೆ ಮಾತು ಬಂದಾಗ

ಒಂದು ದಿನ ಉತ್ತರ ಕೊಡಬೇಡಿ. ‘ನಾನು ಹೇಳಹೊರಟದ್ದು ಅದಲ್ಲ’ ಎಂದು ವಿವರಿಸಲೂ ಬೇಡಿ. ನೀವು ಹೇಳಹೊರಟದ್ದು ಕವಿತೆಯಲ್ಲಿ ಇಲ್ಲ ಎಂಬುದೇ ಅಲ್ಲಿರುವ ಸುದ್ದಿ. ಒಬ್ಬರು ಎಡವಿದರೆ ಅದು ಅವರ ರುಚಿ ಇರಬಹುದು. ಮೂವರು ಒಂದೇ ಸಾಲಿನಲ್ಲಿ ಎಡವಿದರೆ ಸಾಲನ್ನು ನೋಡಿ. ತಿದ್ದಿದ ಮೇಲೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಾಕಿ, ಕೂಟಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಸಲಹೆ ಒಪ್ಪದಿದ್ದರೆ ‘ಯೋಚಿಸಿದೆ, ಹಾಗೇ ಇಟ್ಟುಕೊಂಡಿದ್ದೇನೆ’ ಎಂದರೆ ಸಾಕು.

ಗೆಳೆಯರಿಂದ ತಿದ್ದಿಸಿಕೊಂಡರೆ ದೊಡ್ಡತನ ಕುಗ್ಗೀತೆಂಬ ಭಯವಿದ್ದರೆ ಧಾರವಾಡದ ಗೆಳೆಯರ ಗುಂಪನ್ನು ನೆನೆಯಿರಿ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಆ ತರುಣರಲ್ಲಿ ಶಂ.ಬಾ. ಜೋಶಿ, ಆನಂದಕಂದ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕರೆಲ್ಲ ಇದ್ದರು. ಮುಂದೆ ಗೋಕಾಕರು ಇದೇ ದೆಹಲಿಯಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದರು.

ಹಂತ 8: ಹೆಸರು, ಹಕ್ಕು, ಪ್ರಕಟಣೆ

ಕವಿತೆಯ ಕೆಳಗೆ ಹೆಸರು ಮತ್ತು ತಾರೀಖು ಇರಲೇಬೇಕು. ಫಾರ್ವರ್ಡ್ ಆಗುವಾಗ ಮೊದಲು ಕಳಚಿಬೀಳುವುದು ಹೆಸರೇ. ಗುಂಪಿನಲ್ಲಿ ಓದಿದ್ದನ್ನು ಬರೆದವರ ಒಪ್ಪಿಗೆಯಿಲ್ಲದೆ ಹೊರಗೆ ಕಳಿಸಬಾರದು. ದೊಡ್ಡ ಕವಿಗಳ ಪದ್ಯಗಳನ್ನು ‘ಸಂಗ್ರಹ’ ಎಂದು ಬರೆದು ಹಂಚುವುದೂ ತಪ್ಪೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ ಇದೆ.

ಇನ್ನೊಂದು ಎಚ್ಚರ. ಅನೇಕ ಪತ್ರಿಕೆಗಳು ಕೇಳುವುದು ಎಲ್ಲೂ ಪ್ರಕಟವಾಗದ ಕವಿತೆಯನ್ನು. ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ಅವರು ಪ್ರಕಟಿತ ಎಂದೇ ಎಣಿಸಬಹುದು. ಪತ್ರಿಕೆಗೆ ಕಳಿಸುವ ಆಸೆಯಿದ್ದರೆ ಕವಿತೆ ಅಲ್ಲಿಯವರೆಗೆ ಕೂಟದ ಒಳಗೇ ಇರಲಿ.

ಹಂತ 9: ಮೂರು ತಿಂಗಳಿಗೊಮ್ಮೆ ಮುಖ ನೋಡಿ

ಚಳಿಗಾಲದ ಭಾನುವಾರವಾದರೆ ಲೋಧಿ ಗಾರ್ಡನ್ನಿನ ಬಿಸಿಲು ಸಾಕು. ಬೇಸಿಗೆಯಲ್ಲಿ ಯಾರದಾದರೂ ಮನೆ ನೋಡಿಕೊಳ್ಳಿ, ಊಟ ಹಂಚಿಕೊಂಡು ತನ್ನಿ. ಗುರುಗ್ರಾಮದವರಿಗೂ ನೋಯ್ಡಾದವರಿಗೂ ಮೆಟ್ರೋದಲ್ಲಿ ಬರಲು ಸರಿಹೋಗುವ ಜಾಗ ಆರಿಸಿ. ಆ ದಿನಕ್ಕೆ ಒಂದು ಪದ್ಧತಿ: ತಮ್ಮ ಕವಿತೆಯನ್ನು ಯಾರೂ ಓದಬಾರದು, ಇನ್ನೊಬ್ಬರದನ್ನು ಓದಬೇಕು. ಬೇರೆ ಬಾಯಲ್ಲಿ ನಿಮ್ಮ ಸಾಲು ಎಲ್ಲಿ ತೊಡರಿತು ಎಂಬುದು ಹತ್ತು ಪ್ರತಿಕ್ರಿಯೆಗಳಿಗಿಂತ ಹೆಚ್ಚು ಹೇಳುತ್ತದೆ.

ತೊಡಕು ಬಂದರೆ

ಆಡುಮಾತನ್ನು ತಪ್ಪೆಂದು ತಿದ್ದುವವರು: ಕಲಬುರಗಿಯ ‘ಹೋಗ್ಲಾಕತ್ತೀನಿ’ಯನ್ನು ‘ಹೋಗುತ್ತಿದ್ದೇನೆ’ ಎಂದು ಮಾಡಬೇಡಿ. ಅರ್ಥವಾಗದಿದ್ದರೆ ಕೇಳಿ.

ಬರೀ ಗುಲಾಬಿ ಕಳಿಸುವವರು: ‘ಯಾವ ಸಾಲಿಗೆ ಈ ಗುಲಾಬಿ?’ ಎಂದು ಕೇಳಿ. ಎರಡನೇ ಸಲದಿಂದ ಸಾಲು ಹೇಳಿಯೇ ಕಳಿಸುತ್ತಾರೆ.

ಮೌನವಾಗಿರುವವರು: ತಿಂಗಳು ಕಾಯಿರಿ. ಕೆಲವರು ಓದುತ್ತಿರುತ್ತಾರೆ, ಬರೆಯಲು ಹಿಂಜರಿಯುತ್ತಾರೆ. ಧ್ವನಿಯಲ್ಲಿ ಪ್ರತಿಕ್ರಿಯೆ ಹೇಳಲು ಕರೆಯಿರಿ.

ಹಿರಿಯರ ಕವಿತೆಗೆ ಮಾತಾಡಲು ಅಂಜುವವರು: ‘ಸರ್, ಎರಡನೇ ಸಾಲಿನಲ್ಲಿ ನನಗೊಂದು ಅನುಮಾನ’ ಎಂದು ಶುರುಮಾಡಿದರೆ ಗೌರವವೂ ಉಳಿಯುತ್ತದೆ, ಮಾತೂ ಮುಟ್ಟುತ್ತದೆ.

ಕೂಟ ಸರಿಯಾಗಿ ನಡೆದಿದೆಯೇ ಎಂದು ನೋಡಲು ಆರು ತಿಂಗಳಾದ ಮೇಲೆ ಒಂದು ಪರೀಕ್ಷೆ ಮಾಡಿ. ಎಷ್ಟು ಕವಿತೆ ಬಂತು, ಎಷ್ಟು ಪತ್ರಿಕೆಯಲ್ಲಿ ಅಚ್ಚಾಯಿತು ಎಂದು ಎಣಿಸಬೇಡಿ. ಫೋನ್ ಕೆಳಗಿಟ್ಟು, ಕೂಟದ ಬೇರೊಬ್ಬರ ಒಂದು ಸಾಲನ್ನು ನೆನಪಿನಿಂದ ಹೇಳಲು ಪ್ರತಿಯೊಬ್ಬರನ್ನೂ ಕೇಳಿ. ಎಲ್ಲರೂ ಹೇಳಿದರೆ ಒಂಬತ್ತನೆಯವರಿಗೆ ಬಾಗಿಲು ತೆರೆಯಿರಿ. ಹೇಳಲಾಗದಿದ್ದರೆ ಮುಂದಿನ ತಿಂಗಳು ಹೊಸ ಕವಿತೆ ಹಾಕುವುದನ್ನು ನಿಲ್ಲಿಸಿ, ಇರುವುದನ್ನೇ ಮತ್ತೊಮ್ಮೆ ಓದಿ.