ದುರ್ಬೀನೂ ಗುಂಡೂ ಒಂದಾಗದಿದ್ದರೆ

ರೈಫಲಿನ ದುರ್ಬೀನಿನಲ್ಲಿ ಕಾಣುವ ಗೆರೆಗಳ ಸಂಧಿಯೂ ಗುಂಡು ತಗಲುವ ಸ್ಥಳವೂ ಒಂದಾಗದಿದ್ದರೆ ಅನೇಕರು ಒಡನೆಯೇ ತಿರುಗಣೆಗೆ ಕೈಹಾಕುವರು. ಇದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಮೊದಲು ಏನನ್ನೂ ಬದಲಿಸದೆ, ಅಧಿಕೃತ ಅಭ್ಯಾಸಾಂಗಣದಲ್ಲಿ, ಮರಳುಚೀಲದ ಆಸರೆಯಿಂದ ಒಂದೇ ಬಿಂದುವಿಗೆ 5 ಗುಂಡು ಹಾರಿಸಿ ನೋಡತಕ್ಕದ್ದು. ಗುರುತುಗಳು ಚದುರಿದ್ದರೆ ದುರ್ಬೀನನ್ನು ಹಿಡಿದ ಬಳೆಗಳ, ತಿರುಪುಗಳ ಸಡಿಲನ್ನು ಪರೀಕ್ಷಿಸಬೇಕು. ಹೊಡೆಯುವವನ ಉಸಿರನ್ನೂ ಬೆರಳನ್ನೂ ಮರೆಯಬಾರದು! ಒತ್ತಾಗಿ ಬಿದ್ದು ಪಕ್ಕಕ್ಕೆ ಸರಿದಿದ್ದರೆ ಅದು ಪ್ರಯೋಗಶಾಲೆಯ ಸ್ಕ್ರೂಗೇಜಿನ ಶೂನ್ಯದೋಷದಂತೆ; ಅಳೆದು ಕಳೆಯಬಹುದು. ತಿರುಗಣೆಗೆ ಕೆಲಸವಿರುವುದು ಆಗ ಮಾತ್ರ. ಹಲವು ದುರ್ಬೀನುಗಳಲ್ಲಿ ಅದರ ಒಂದು ‘ಟಿಕ್’ ಎಂದರೆ ಕೋನಮಾನದ ಕಾಲು ಮಿನಿಟು. 100 ಮೀಟರು ದೂರದಲ್ಲಿ ಸುಮಾರು 7 ಮಿಲಿಮೀಟರು. ಗುಂಡು 14 ಸೆಂಟಿಮೀಟರು ಸರಿಯಲು ಎಷ್ಟು ಟಿಕ್ ಬೇಕೆಂಬುದನ್ನು ವಿದ್ಯಾರ್ಥಿಗಳೇ ಗಣಿಸಲಿ. ತಿರುಗಣೆಯು ಕೊನೆಮುಟ್ಟಿದರೂ ಗುರಿ ಕೂಡದಿದ್ದಲ್ಲಿ, ದುರ್ಬೀನನ್ನು ಕೂರಿಸಿದ ಪೀಠವೇ ಓರೆಯಾಗಿರುವ ಸಂಭವವುಂಟು.