ಕಾರ್ಡು ಇಸ್ಕೊಂಡು ಬಂದ ಮೇಲೆ

ನೋಡಪ್ಪ, ಕಟಿಂಗ್ ಟೂಲ್ ಮಾರೋಕೆ ಜನವರಿಯ ಇಮ್‌ಟೆಕ್ಸ್ ಮೆಷಿನ್ ಟೂಲ್ ಎಕ್ಸಿಬಿಷನ್‌ಗೆ ಹೋಗಿ ಜೇಬು ತುಂಬ ವಿಸಿಟಿಂಗ್ ಕಾರ್ಡ್ ತಂದಿದ್ದೀಯ, ಸಂತೋಷ. ತುಮಕೂರು ರಸ್ತೆಯ ಬಿಐಇಸಿ ಹಾಲ್‌ನಲ್ಲಿ ದಿನವಿಡೀ ಸ್ಟಾಲಿನ ಮುಂದೆ ನಿಂತಿದ್ದಕ್ಕೆ ಅಷ್ಟಾದರೂ ಸಿಗಬೇಕು. ಇನ್ನು ನೀನು ಬರೆಯೋ ಮೇಲ್ ಓದೋರು ನನ್ನಂಥ ಪೀಣ್ಯದ ವರ್ಕ್‌ಶಾಪಿನವರು. ಹಾಗಾಗಿ ಓದೋ ಕಡೆಯಿಂದ ಒಂದೆರಡು ಮಾತು ಹೇಳ್ತೀನಿ, ಕೇಳು.

ಎಕ್ಸಿಬಿಷನ್ ಮುಗಿದ ವಾರ ನಮಗೆ ಬರೋವೆಲ್ಲ ಒಂದೇ ಅಚ್ಚಿನ ಮೇಲ್‌ಗಳು. 'ನಿಮ್ಮ ಭೇಟಿಯಿಂದ ಸಂತೋಷವಾಯಿತು', ಕೆಳಗೆ ಕಂಪನಿಯ ಪುರಾಣ, ಜೊತೆಗೊಂದು ದಪ್ಪ ಕ್ಯಾಟಲಾಗ್. ಬರೆದೋರು ಯಾರು, ಯಾವ ಸ್ಟಾಲಿನೋರು, ಒಂದೂ ನೆನಪಾಗಲ್ಲ. ಆ ಕ್ಯಾಟಲಾಗ್ 25 ಎಂಬಿ ದಾಟಿದರೆ ಜಿಮೇಲ್ ಅದನ್ನ ಡ್ರೈವ್ ಲಿಂಕ್ ಮಾಡಿಬಿಡುತ್ತೆ. ಒತ್ತಿದರೆ ಪರ್ಮಿಷನ್ ಇಲ್ಲ ಅನ್ನುತ್ತೆ. ಅಲ್ಲಿಗೆ ಮುಗೀತು ಕಥೆ.

ನೆನಪಲ್ಲಿ ಉಳಿಯೋದು ಆಡಿದ ಮಾತು. ಸ್ಟಾಲಿನ ಹತ್ತಿರ ಯಾರೋ ಒಬ್ಬರು, 'ಎಸ್‌ಎಸ್ 304 ಟರ್ನಿಂಗ್‌ಗೆ ಇನ್ಸರ್ಟ್ ನಿಲ್ತಾನೇ ಇಲ್ಲ ಕಣ್ರೀ' ಅಂದಿರ್ತಾರೆ. ಅದನ್ನ ಅಲ್ಲೇ ಕಾರ್ಡಿನ ಹಿಂದೆ ಗೀಚಿಕೋ. ಮಾರನೇ ದಿನ ಬರೆಯುವಾಗ ಸಬ್ಜೆಕ್ಟ್‌ನಲ್ಲೇ ಹಾಕು: '304 ಟರ್ನಿಂಗ್, ಇನ್ಸರ್ಟ್ ಬೇಗ ಸವೆಯುವ ವಿಷಯ'. ಫೋನಿನಲ್ಲಿ ಕಾಣೋದು ಮೊದಲ ನಾಲ್ಕೈದು ಪದ ಅಷ್ಟೆ. ಒಳಗೆ ಹೀಗೆ ಬರಿ: 'ನಿನ್ನೆ ನಮ್ಮ ಸ್ಟಾಲಿನಲ್ಲಿ ನೀವು ಹೇಳಿದ ತೊಂದರೆಗೆ, ಸ್ಟೇನ್‌ಲೆಸ್‌ಗೆಂದೇ ಮಾಡಿದ ಗ್ರೇಡ್ ಒಮ್ಮೆ ಹಾಕಿ ನೋಡಬಹುದು. ಈಗಿನ ಸ್ಪೀಡು, ಫೀಡು ತಿಳಿಸಿದರೆ ಗುರುವಾರ ಟ್ರಯಲ್‌ಗೆ ತರುತ್ತೇನೆ.' ಸಾಕು. ಕೇಳೋದಿದ್ದರೆ ಒಂದನ್ನೇ ಕೇಳು. ಮೀಟಿಂಗೂ ಬೇಕು, ಆರ್ಡರೂ ಬೇಕು, ಪಕ್ಕದ ಶೆಡ್ಡಿನವರ ನಂಬರೂ ಬೇಕು ಅಂದರೆ ಯಾವುದಕ್ಕೂ ಉತ್ತರ ಬರಲ್ಲ.

ಹೆಸರಿನ ಕಡೆಗೂ ಸ್ವಲ್ಪ ಗಮನ ಇರಲಿ. ನಮ್ಮಲ್ಲಿ ಊರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿ ಅಂಟಿಕೊಂಡಿರುತ್ತೆ. ಎಕ್ಸೆಲ್ ಶೀಟಿನಿಂದ ಒಟ್ಟಿಗೆ ನೂರು ಜನಕ್ಕೆ ಕಳಿಸೋರು 'ಡಿಯರ್ ಕೆ' ಅಂತ ಶುರು ಮಾಡ್ತಾರೆ. ನಮ್ಮಪ್ಪನ ಹೆಸರು ಹಿಡಿದು ನನಗೆ 'ಹಾಯ್' ಅಂದ ಹುಡುಗರೂ ಇದ್ದಾರೆ. ಅಪ್ಪ ಬದುಕಿದ್ದಿದ್ದರೆ ಏನನ್ನುತ್ತಿದ್ದರೋ! ಕನ್ನಡದಲ್ಲಿ ಮಾತಾಡಿದವರಿಗೆ ಕನ್ನಡದಲ್ಲೇ ಬರೆದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಉತ್ತರ ಬರಲಿಲ್ಲವಾ, ಒಂದು ವಾರ ಬಿಡು. ಆಮೇಲೆ ಹೊಸ ಮೇಲ್ ಬೇಡ, ಹಳೇದಕ್ಕೇ ರಿಪ್ಲೈ ಹಾಕು. 'ನನ್ನ ಮೇಲ್ ನೋಡಿದ್ರಾ' ಅಂತ ಮಾತ್ರ ಕೇಳಬೇಡ, ಸಾಲ ವಸೂಲಿಗೆ ಬಂದ ಹಾಗಿರುತ್ತೆ. ಅಂಥದ್ದೇ ಕೆಲಸ ಬೇರೆ ಕಡೆ ಮಾಡಿದ ಟ್ರಯಲ್ ರಿಪೋರ್ಟ್ ಇದ್ದರೆ, ಆ ಗಿರಾಕಿಯ ಹೆಸರು ತೆಗೆದು, ಒಂದೇ ಪುಟ ಇಡು. ಅದಕ್ಕೂ ಮಾತಿಲ್ಲ ಅಂದರೆ ಸುಮ್ಮನಿದ್ದುಬಿಡು. ಮಾರ್ಚ್‌ನಲ್ಲಿ ಲೆಕ್ಕ ಮುಗಿಸೋ ಗಡಿಬಿಡಿ, ಡಿಸ್ಪ್ಯಾಚ್ ಬೇರೆ, ನಮಗೆ ತಲೆ ಎತ್ತೋಕೂ ಪುರುಸೊತ್ತಿರಲ್ಲ. ಏಪ್ರಿಲ್ ಎರಡನೇ ವಾರದಲ್ಲಿ ಒಂದು ಫೋನ್ ಮಾಡಿ ನೋಡು. ಬೆಳಿಗ್ಗೆ ಶಿಫ್ಟ್ ಶುರುವಾಗೋ ಹೊತ್ತಿಗೆ ಬೇಡ, ಊಟ ಆದ ಮೇಲೆ ಮಾಡು.